ರೇಸ್ ಕಾರಿನೊಳಗೆ ಕ್ಯಾಮೆರಾ: ಕಡಿಮೆ ಖರ್ಚಿನಲ್ಲಿ ಆರಿಸುವ ಬಗೆ

ಹವ್ಯಾಸಿ ರೇಸ್ ಮತ್ತು ರ‍್ಯಾಲಿಗಳಲ್ಲಿ ಕಾರಿನೊಳಗೆ ಕ್ಯಾಮೆರಾ ಇಡುವುದು ಮುಖ್ಯವಾಗಿ ಕಲಿಯುವುದಕ್ಕೆ. ತಿರುವಿನಲ್ಲಿ ಸ್ಟಿಯರಿಂಗ್ ಎಷ್ಟು ಬೇಗ ತಿರುಗಿತು, ಬ್ರೇಕ್ ಮೇಲೆ ಕಾಲು ಯಾವಾಗ ಬಿತ್ತು, ಗೇರ್ ಇಳಿಸಿದಾಗ ಎಂಜಿನ್ ಎಷ್ಟು ಅರಚಿತು ಎಂಬುದೆಲ್ಲ ಓಡಿಸುವ ಹೊತ್ತಿನಲ್ಲಿ ಚಾಲಕನ ನೆನಪಿನಲ್ಲಿ ನಿಲ್ಲುವುದಿಲ್ಲ. ಸಂಜೆ ಕೂತು ವಿಡಿಯೊ ನೋಡಿದಾಗಲೇ ಅದು ಗೊತ್ತಾಗುವುದು. ಬೆಂಗಳೂರಿನ ಹವ್ಯಾಸಿಗಳಿಗೆ ಇದರ ಅಗತ್ಯ ಇನ್ನೂ ಹೆಚ್ಚು. ನಗರದ ಆಸುಪಾಸಿನಲ್ಲಿ ಕಾರ್ಟಿಂಗ್ ಟ್ರ್ಯಾಕ್‌ಗಳಿವೆ, ಬಯಲಿನಲ್ಲಿ ಕೋನ್ ಇಟ್ಟು ನಡೆಸುವ ಆಟೊಕ್ರಾಸ್ ಇದೆ. ಪೂರ್ಣ ಪ್ರಮಾಣದ ರೇಸ್ ಟ್ರ್ಯಾಕ್ ಇಲ್ಲ. ಚೆನ್ನೈ ರಸ್ತೆಯಲ್ಲಿರುವ ಇರುಂಗಟ್ಟುಕೋಟೈ ಟ್ರ್ಯಾಕ್ 1990ರಲ್ಲಿ ಶುರುವಾದದ್ದು, ಉದ್ದ ಸುಮಾರು 3.7 ಕಿ.ಮೀ.; ಅದನ್ನು ತಲುಪಲು ಬೆಂಗಳೂರಿನಿಂದ 300 ಕಿ.ಮೀ. ಹೋಗಬೇಕು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇನ್ನೂ ದೂರ. ರ‍್ಯಾಲಿ ಎಂದರೆ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುಹಾದಿ, ಇಲ್ಲವೇ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ಕೆ-1000. ಇಷ್ಟು ಓಡಾಡಿ, ದುಡ್ಡು ಸುರಿದು, ವರ್ಷಕ್ಕೆ ಕೆಲವೇ ದಿನ ಸಿಗುವ ಓಟದಲ್ಲಿ ಒಂದು ಸುತ್ತೂ ದಾಖಲಾಗದೆ ಹೋಗಬಾರದು. ಹಾಗಾಗಿ ಕ್ಯಾಮೆರಾ ಕೊಳ್ಳುವಾಗ ಚಿತ್ರದ ಅಂದಕ್ಕಿಂತ ಮೊದಲು ನೋಡಬೇಕಾದದ್ದು ಅದು ನಡುವೆ ಕೈಕೊಡುವುದಿಲ್ಲ ಎಂಬ ಭರವಸೆಯನ್ನು.

ಟೇಪ್ ಕ್ಯಾಮ್‌ಕಾರ್ಡರ್‌ಗಳ ಕಾಲದಲ್ಲಿ ಈ ಭರವಸೆ ಇರಲಿಲ್ಲ. 1995ರ ಹೊತ್ತಿಗೆ ಬಂದ ಮಿನಿ ಡಿವಿ ಕ್ಯಾಮೆರಾದಲ್ಲಿ ತಿರುಗುವ ಹೆಡ್ ಒಂದು ತೆಳ್ಳನೆಯ ಟೇಪಿನ ಮೇಲೆ ಬರೆಯುತ್ತಿತ್ತು. ಕಾರು ಕುಲುಕಿದರೆ ಚಿತ್ರ ಚೌಕಚೌಕವಾಗಿ ಒಡೆಯುತ್ತಿತ್ತು. ಬೆರಳುದ್ದದ ಬುಲೆಟ್ ಕ್ಯಾಮೆರಾವನ್ನು ಮುಂದೆ ಕಟ್ಟಿ, ರೆಕಾರ್ಡರನ್ನು ಸ್ಪಂಜಿನಲ್ಲಿ ಸುತ್ತಿ ಹಿಂದೆ ಇಡುವುದು ಆಗಿನ ಉಪಾಯ. ಚಲಿಸುವ ಭಾಗವೇ ಇಲ್ಲದ ಮೆಮೊರಿ ಕಾರ್ಡ್ ಬಂದ ಮೇಲೆ ಆ ಪಾಡು ತಪ್ಪಿತು. ನಿಕ್ ವುಡ್‌ಮನ್ 2002ರಲ್ಲಿ ಕಟ್ಟಿದ ಗೋಪ್ರೊ ಕಂಪನಿ 2004ರಲ್ಲಿ ಮೊದಲು ಮಾರಿದ್ದು 35 ಮಿ.ಮೀ. ಫಿಲ್ಮ್ ಕ್ಯಾಮೆರಾ. ಮುಂದೆ ಅದೇ ಕಂಪನಿಯ ಎಚ್‌ಡಿ ಡಿಜಿಟಲ್ ಮಾದರಿಗಳು ಬಂದು ಹವ್ಯಾಸಿಗಳ ಕಾರುಗಳನ್ನು ಸೇರಿದವು.

ಇಂದು ಕೊಳ್ಳುವವರ ಮುಂದೆ ಮೂರು ದಾರಿಗಳಿವೆ. ಕೈಯಲ್ಲಿರುವ ಮೊಬೈಲ್ ಫೋನು ಖರ್ಚಿಲ್ಲದ್ದು ನಿಜ, ಆದರೆ ಓಟಕ್ಕೆ ಒಗ್ಗುವುದಿಲ್ಲ. ಬಿಸಿಲಿನಲ್ಲಿ ಕಾದು ರೆಕಾರ್ಡಿಂಗ್ ನಿಲ್ಲಿಸುತ್ತದೆ. ಜೊತೆಗೆ, ಅನೇಕ ಫೋನುಗಳಲ್ಲಿ ಕೈನಡುಕ ಸರಿಪಡಿಸಲು ಲೆನ್ಸನ್ನೋ ಸೆನ್ಸರನ್ನೋ ಅಲುಗಾಡಿಸುವ ಸೂಕ್ಷ್ಮ ವ್ಯವಸ್ಥೆ ಇರುತ್ತದೆ. ಬೈಕ್ ಎಂಜಿನ್ನಿನ ಬಲವಾದ ಕಂಪನದಿಂದ ಅದು ಕೆಡಬಹುದು ಎಂದು 2021ರಲ್ಲಿ ಆ್ಯಪಲ್ ಕಂಪನಿಯೇ ಎಚ್ಚರಿಸಿತ್ತು. ಎರಡನೆಯದು ಡ್ಯಾಶ್‌ಕ್ಯಾಮ್. ನಾಲ್ಕೈದು ಸಾವಿರ ರೂಪಾಯಿಗೆ ಒಳ್ಳೆಯದು ಸಿಗುತ್ತದೆ, ಕಾರು ಸ್ಟಾರ್ಟ್ ಆದೊಡನೆ ತಾನೇ ಶುರುವಾಗುತ್ತದೆ. ಬ್ಯಾಟರಿಯ ಬದಲು ಸೂಪರ್ ಕೆಪಾಸಿಟರ್ ಇರುವ ಮಾದರಿಯಾದರೆ ಬಿಸಿಲನ್ನೂ ಚೆನ್ನಾಗಿ ತಡೆಯುತ್ತದೆ. ಅಂಟಿರುವುದು ಮುಂದಿನ ಗಾಜಿಗಾದ್ದರಿಂದ ಚಾಲಕನ ಕೈ, ಮೀಟರ್ ಯಾವುದೂ ಅದಕ್ಕೆ ಕಾಣದು. ಸಾಮಾನ್ಯ ರಸ್ತೆಯಲ್ಲಿ ನಿಗದಿತ ವೇಗ ಕಾಯ್ದುಕೊಂಡು ಸಾಗುವ ಟಿಎಸ್‌ಡಿ ರ‍್ಯಾಲಿಗೆ ಇಷ್ಟೇ ಸಾಕು. ರೇಸ್ ಕಲಿಯುವವರಿಗೆ ಮೂರನೆಯ ದಾರಿಯೇ ಸರಿ: ಗೋಪ್ರೊದಂಥ ಆಕ್ಷನ್ ಕ್ಯಾಮೆರಾ. ಅದರಲ್ಲೂ ಹೊಸ ಮಾದರಿಯ ಹಿಂದೆ ಬೀಳದೆ, ಎರಡು ಮೂರು ತಲೆಮಾರು ಹಳೆಯದಾದ ಒಳ್ಳೆಯ ಕಂಪನಿಯ ಕ್ಯಾಮೆರಾವನ್ನು ಸೆಕೆಂಡ್‌ಹ್ಯಾಂಡ್ ಕೊಂಡು, ಉಳಿದ ದುಡ್ಡನ್ನು ಮೌಂಟ್, ಕಾರ್ಡ್, ಮೈಕ್‌ಗಳಿಗೆ ಹಾಕುವುದು ಜಾಣತನ.

ಕ್ಯಾಮೆರಾದಲ್ಲಿ ಇರಲೇಬೇಕಾದವು ಕೆಲವೇ. ಸೆಕೆಂಡಿಗೆ 60 ಫ್ರೇಮಿನ 1080ಪಿ ವಿಡಿಯೊ ಬೇಕು. ಗಂಟೆಗೆ 100 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 28 ಮೀಟರ್ ಸಾಗುತ್ತದೆ. 60 ಫ್ರೇಮಾದರೆ ಪ್ರತಿ ಅರ್ಧ ಮೀಟರಿಗೂ ಒಂದು ಚಿತ್ರ ಸಿಕ್ಕಿತು. ಬ್ರೇಕ್ ಹಿಡಿದ ಜಾಗ ಗುರುತಿಸಲು ಇದಕ್ಕಿಂತ ಹೆಚ್ಚು ಬೇಡ. 4ಕೆ ವಿಡಿಯೊ ಅಂದವೇನೋ ಹೌದು, ಆದರೆ ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಗಂಟೆಗೆ 45 ಜಿಬಿ ನುಂಗುತ್ತದೆ, ಕ್ಯಾಮೆರಾವನ್ನೂ ಕಾಯಿಸುತ್ತದೆ. ಗಾಳಿಯಾಡದ ಕಾರಿನಲ್ಲಿ ಮಧ್ಯಾಹ್ನದ ಚೆನ್ನೈ ಬಿಸಿಲಿಗೆ ಇದೇ ದೊಡ್ಡ ತೊಂದರೆ. ಚಾರ್ಜ್ ಆಗುತ್ತಲೇ ರೆಕಾರ್ಡ್ ಮಾಡುವ, ಹೊರಗಿನ ಮೈಕ್ ಜೋಡಿಸಲು ಬರುವ, ಎಕ್ಸ್‌ಪೋಷರನ್ನು ಕೈಯಾರೆ ಕಟ್ಟಿಹಾಕಬಹುದಾದ ಅನುಕೂಲಗಳೂ ಬೇಕು. ಕಾರಿನೊಳಗೆ ಕತ್ತಲು, ಗಾಜಿನಾಚೆ ಬೆಳಕು. ಕ್ಯಾಮೆರಾ ಒಳಗಿನ ಕತ್ತಲನ್ನೇ ಅಳೆದರೆ ರಸ್ತೆ ಬಿಳಿಬಿಳಿಯಾಗಿ ಅಳಿಸಿಹೋಗುತ್ತದೆ. ಎಕ್ಸ್‌ಪೋಷರನ್ನು ಸ್ವಲ್ಪ ಇಳಿಸಿಟ್ಟರೆ ರಸ್ತೆ ಉಳಿಯುತ್ತದೆ.

ಮುಖ್ಯವಾದ ಇನ್ನೊಂದು ಅನುಕೂಲವೆಂದರೆ ಸ್ಟೆಬಿಲೈಸೇಷನ್ ಆಫ್ ಮಾಡಲು ಬರುವುದು. ಜಾಹೀರಾತುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಗಳಿಸಿಕೊಳ್ಳುವ ಈ ಸೌಲಭ್ಯ ಕಾರಿನೊಳಗೆ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ. ಕ್ಯಾಮೆರಾದೊಳಗಿನ ಗೈರೊ ತಾನು ಎಷ್ಟು ತಿರುಗಿದೆ ಎಂದು ಅಳೆದು, ಚಿತ್ರವನ್ನು ಅಷ್ಟೇ ಎದುರು ದಿಕ್ಕಿಗೆ ಸರಿಸುತ್ತದೆ. ಕ್ಯಾಮೆರಾ ಕಾರಿಗೆ ಬಿಗಿದಿರುವುದರಿಂದ ಕಾರು ಎಡಕ್ಕೆ ತಿರುಗಿದಾಗಲೂ ಅದು ಹಾಗೆಯೇ ತಿದ್ದಲು ಹೋಗುತ್ತದೆ. ಪರಿಣಾಮವಾಗಿ ಹೊರಗಿನ ಮರ, ರಸ್ತೆ ಸ್ಥಿರವಾಗಿ ತೋರಿ, ಸ್ಟಿಯರಿಂಗೂ ಡ್ಯಾಶ್‌ಬೋರ್ಡೂ ತೆಪ್ಪದಂತೆ ತೇಲಾಡುತ್ತವೆ. ಅಂಥ ವಿಡಿಯೊದಲ್ಲಿ ಸ್ಟಿಯರಿಂಗ್ ಎಷ್ಟು ತಿರುಗಿತೆಂದು ಅಳೆಯುವಂತಿಲ್ಲ. ಅದನ್ನು ಆಫ್ ಮಾಡಿದಾಗ ಚಿತ್ರ ನಡುಗಿದರೆ ತಪ್ಪು ಮೌಂಟಿನದು. ಸೆನ್ಸರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುವುದರಿಂದ, ಓದುವಷ್ಟರಲ್ಲಿ ಕ್ಯಾಮೆರಾ ಅಲುಗಿದರೆ ನೆಟ್ಟಗಿನ ಕಂಬವೂ ಅಂಕುಡೊಂಕಾಗುತ್ತದೆ. ಇದನ್ನು ಸಾಫ್ಟ್‌ವೇರಿನಿಂದ ಪೂರ್ತಿ ತಿದ್ದಲಾಗದು.

ಹಾಗಾಗಿ ಮೌಂಟ್ ಚಿಕ್ಕದಾಗಿ, ಗಟ್ಟಿಯಾಗಿ ಇರಬೇಕು. ಉದ್ದ ಕೋಲಿನ, ಮೂರು ನಾಲ್ಕು ಕೀಲುಗಳ ಮೌಂಟ್ ಅಂಗಡಿಯಲ್ಲಿ ನೋಡಲು ಚೆಂದ, ಕಾರಿನಲ್ಲಿ ನಡುಗುತ್ತದೆ. ಚಾಲಕನ ರಕ್ಷಣೆಗೆ ಪೈಪುಗಳ ಗೂಡು (ರೋಲ್ ಕೇಜ್) ಇರುವ ಕಾರಿನಲ್ಲಿ ಕೇಜಿನ ಪೈಪಿಗೆ ಬಿಗಿಯುವ ಲೋಹದ ಕ್ಲಾಂಪ್ ಒಳ್ಳೆಯದು. ಕೇಜಿನ ಪೈಪು ಸಾಮಾನ್ಯವಾಗಿ 38ರಿಂದ 50 ಮಿ.ಮೀ. ದಪ್ಪ ಇರುತ್ತದೆ, ಸೈಕಲ್ ಹ್ಯಾಂಡಲ್ಲಿಗೆಂದು ಮಾರುವ ಕ್ಲಾಂಪ್ ಅದಕ್ಕೆ ಹಿಡಿಸುವುದಿಲ್ಲ. ಅಂಗಡಿಗೆ ಹೋಗುವ ಮುಂಚೆ ಪೈಪಿನ ಸುತ್ತಳತೆಯನ್ನು ದಾರದಲ್ಲಿ ಅಳೆದು 3.14ರಿಂದ ಭಾಗಿಸಿದರೆ ದಪ್ಪ ಸಿಗುತ್ತದೆ. ಕೇಜ್ ಇಲ್ಲದ ಮನೆಬಳಕೆಯ ಕಾರಿಗೆ, ಹೆಡ್‌ರೆಸ್ಟಿನ ಎರಡು ಸರಳುಗಳಿಗೆ ಅಡ್ಡಲಾಗಿ ಕೂರುವ ಪಟ್ಟಿ ಸಾಕು. ಎರಡು ಸೀಟುಗಳ ನಡುವೆ, ಚಾಲಕನ ಕಿವಿಯ ಎತ್ತರದಲ್ಲಿ, ತುಸು ಹಿಂದೆ ಕ್ಯಾಮೆರಾ ನಿಂತರೆ ಕೈ, ಗೇರ್, ಆರ್‌ಪಿಎಂ ಮೀಟರ್, ಮುಂದಿನ ರಸ್ತೆ ಎಲ್ಲವೂ ಒಂದೇ ಚೌಕಟ್ಟಿಗೆ ಬರುತ್ತವೆ. ಗಾಜಿಗೆ ಅಂಟುವ ಸಕ್ಷನ್ ಕಪ್ ಧೂಳು ಕೂತ ಗಾಜಿನಲ್ಲಿ, ಬಿಸಿಲಿನಲ್ಲಿ ಬಿಟ್ಟುಕೊಳ್ಳುತ್ತದೆ. ಬೇರೆ ದಾರಿಯಿಲ್ಲದೆ ಬಳಸಿದರೆ ಸ್ಪಿರಿಟ್‌ನಿಂದ ಒರೆಸಿ ಅಂಟಿಸಬೇಕು.

ಯಾವ ಮೌಂಟಾದರೂ ಅದರ ಜೊತೆಗೆ ಕ್ಯಾಮೆರಾವನ್ನೇ ಬೇರೊಂದು ದಾರದಿಂದ ಕಾರಿಗೆ ಕಟ್ಟಿರಬೇಕು. ಕಾರಿನೊಳಗಿನ ಬೆಂಕಿ ಆರಿಸುವ ಸಿಲಿಂಡರಿನ ಮೌಂಟ್ 25 ಜಿ, ಅಂದರೆ ಗುರುತ್ವದ 25 ಪಟ್ಟು, ಆಘಾತ ತಡೆಯಬೇಕೆಂದು ಮೋಟಾರ್ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ಹೇಳುತ್ತದೆ. ಅದೇ ಅಳತೆಯಲ್ಲಿ 150 ಗ್ರಾಂ ಕ್ಯಾಮೆರಾ ಅಪಘಾತದ ಗಳಿಗೆಯಲ್ಲಿ ಪೌಣೆ ನಾಲ್ಕು ಕೆ.ಜಿ. ತೂಕದಷ್ಟು ಬಲದಿಂದ ಎಳೆಯುತ್ತದೆ. ಕಿತ್ತು ಬಂದರೆ ನೇರ ಮುಖಕ್ಕೆ. ಓಟಕ್ಕೆ ಮುಂಚಿನ ತಪಾಸಣೆಗೆ (ಸ್ಕ್ರೂಟಿನಿ) ಕಾರು ಕೊಡುವಾಗಲೇ ಕ್ಯಾಮೆರಾ ಬಿಗಿದು ತೋರಿಸಿ ಒಪ್ಪಿಗೆ ಪಡೆಯುವುದು ಸರಿಯಾದ ಕ್ರಮ. ಹೆಲ್ಮೆಟ್ಟಿಗೆ ಕ್ಯಾಮೆರಾ ಅಂಟಿಸುವುದಂತೂ ಕೂಡದು. ತಲೆ ಉಳಿಸಲೆಂದು ಮಾಡಿದ ಚಿಪ್ಪಿನ ಮೇಲೆ ಒಂದು ಗಟ್ಟಿ ಉಬ್ಬನ್ನು ಕೂರಿಸಿದಂತಾಗುತ್ತದೆ.

ಧ್ವನಿಯನ್ನು ಹೆಚ್ಚಿನವರು ಅಲಕ್ಷಿಸುತ್ತಾರೆ, ಆದರೆ ಅರ್ಧ ಪಾಠ ಅದರಲ್ಲಿದೆ. ಎಂಜಿನ್ ಸದ್ದಿನಿಂದ ಗೇರ್ ಬದಲಾದ ಕ್ಷಣ ಗೊತ್ತಾಗುತ್ತದೆ, ಟೈರಿನ ಕಿರುಚಾಟದಿಂದ ಹಿಡಿತದ ಅಂಚು ಗೊತ್ತಾಗುತ್ತದೆ. ಕ್ಯಾಮೆರಾದ ಮೈಕಿಗೆ ಬರುವುದು ಗಾಳಿಯ ಸದ್ದೇ ಹೆಚ್ಚು. ಸ್ಪಂಜಿನ ಟೋಪಿ ಹಾಕಿದ ಸಣ್ಣ ಕಾಲರ್ ಮೈಕನ್ನು ಗಾಳಿ ತಾಗದ ಕಡೆ, ಸೀಟಿನ ಹಿಂದೆ ಇಟ್ಟರೆ ಸದ್ದು ಸ್ವಚ್ಛವಾಗುತ್ತದೆ. ರ‍್ಯಾಲಿಯಲ್ಲಿ ಸಹಚಾಲಕನ ಮಾತೂ ಸೇರಬೇಕು. ಕಾಸರಗೋಡಿನ ಮೂಸಾ ಶರೀಫ್ ಅವರಂಥ ರಾಷ್ಟ್ರೀಯ ಚಾಂಪಿಯನ್ ಸಹಚಾಲಕರ ಕೆಲಸ ಅರ್ಥವಾಗುವುದು ಅವರು ಮುಂದಿನ ತಿರುವುಗಳ ಟಿಪ್ಪಣಿ (ಪೇಸ್ ನೋಟ್ಸ್) ಓದುವ ಹೊತ್ತಿಗೂ ಕಾರು ತಿರುವಿಗೆ ಬರುವ ಹೊತ್ತಿಗೂ ಇರುವ ಅಂತರವನ್ನು ಕೇಳಿಸಿಕೊಂಡಾಗ. ಕ್ಯಾಮೆರಾಗೆ ತಂತಿ ಕೊಡುವ ಇಂಟರ್‌ಕಾಮ್ ಇದ್ದರೆ ಇದು ಸಲೀಸು.

ಇವೆಲ್ಲ ಸಿಗುವ ಪೇಟೆ ಹಳೇ ಬೆಂಗಳೂರಿನ ಮಗ್ಗುಲಲ್ಲೇ ಇದೆ. ಪುರಭವನದಿಂದ ಮಿನರ್ವ ಸರ್ಕಲ್‌ವರೆಗಿನ ಜೆ.ಸಿ. ರಸ್ತೆಯಲ್ಲಿ ಕಾರಿನ ಬಿಡಿಭಾಗ, ಆಕ್ಸೆಸರಿ ಅಂಗಡಿಗಳಿವೆ, ಪಕ್ಕದ ಎಸ್.ಪಿ. ರೋಡಿನಲ್ಲಿ ಕಾರ್ಡ್, ಕೇಬಲ್, ಚಾರ್ಜರ್, ಮೈಕ್. ಚಾಮರಾಜಪೇಟೆ, ಬಸವನಗುಡಿಯವರಿಗೆ ಎರಡೂ ಹತ್ತಿರ. ಮಲ್ಲೇಶ್ವರದವರು ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಮೆಟ್ರೊ ಹತ್ತಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿಯಬಹುದು. ಮೆಮೊರಿ ಕಾರ್ಡನ್ನು ಮಾತ್ರ ಬಿಲ್ ಇಲ್ಲದೆ ಎಲ್ಲೂ ಕೊಳ್ಳಬಾರದು. ವಿ30 ಎಂದು ಬರೆದ ಕಾರ್ಡ್ ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯಬಲ್ಲದು, ಇಷ್ಟು ಸಾಕು. ಆದರೆ ನಕಲಿ ಕಾರ್ಡುಗಳು 128 ಜಿಬಿ ಎಂದು ತೋರಿಸಿ, ಒಳಗೆ ಅದರ ಕಾಲು ಭಾಗವೂ ಇಲ್ಲದೆ ಮಿಕ್ಕಿದ್ದನ್ನು ಸದ್ದಿಲ್ಲದೆ ಕಳೆದುಬಿಡುತ್ತವೆ. ತಂದ ದಿನವೇ ಕಾರ್ಡ್ ತುಂಬುವವರೆಗೆ ರೆಕಾರ್ಡ್ ಮಾಡಿ, ಕೊನೆಯ ಫೈಲೂ ತೆರೆಯುತ್ತದೆಯೇ ಎಂದು ನೋಡಬೇಕು.

ಸುತ್ತಿನ ಸಮಯ, ವೇಗಗಳನ್ನು ವಿಡಿಯೊ ಮೇಲೆ ಮೂಡಿಸುವ ಆಸೆ ಇದ್ದರೆ ರೇಸ್‌ಕ್ರೋನೊದಂಥ ಆ್ಯಪ್‌ಗಳಿವೆ. ಫೋನಿನ ಜಿಪಿಎಸ್ ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ಮಾತ್ರ ಜಾಗ ಗುರುತಿಸುತ್ತದೆ, ಎಂದರೆ 100 ಕಿ.ಮೀ. ವೇಗದಲ್ಲಿ 28 ಮೀಟರಿಗೊಂದು ಚುಕ್ಕೆ. ಸೆಕೆಂಡಿಗೆ 10 ಬಾರಿ ಗುರುತಿಸುವ ಹೊರ ಜಿಪಿಎಸ್ ಇದ್ದರಷ್ಟೇ ತಿರುವಿನೊಳಗಿನ ವೇಗ ನಂಬುವಂತಿರುತ್ತದೆ. ಮೊದಲ ವರ್ಷಕ್ಕೆ ಇದು ಬೇಡ. ಎರಡು ಸುತ್ತುಗಳ ವಿಡಿಯೊವನ್ನು ಲ್ಯಾಪ್‌ಟಾಪಿನಲ್ಲಿ ಅಕ್ಕಪಕ್ಕ ಓಡಿಸಿ, ಒಂದೇ ಗುರುತಿನ ಬಳಿ ಎರಡನ್ನೂ ನಿಲ್ಲಿಸಿ ನೋಡಿದರೆ ಸಮಯ ಎಲ್ಲಿ ಸೋರಿತೆಂದು ತಿಳಿಯುತ್ತದೆ.