ನೀಹಾರಿಕೆಯ ಬಣ್ಣ ನಿಜವೇ?

ಮಹಾವ್ಯಾಧನ ನಡುಪಟ್ಟಿಯ ಕೆಳಗೆ ಬರಿಗಣ್ಣಿಗೆ ಮಸುಕು ಚುಕ್ಕೆಯಾಗಿ ತೋರುವ ಎಂ 42 ನೀಹಾರಿಕೆ ಸಣ್ಣ ದೂರದರ್ಶಕದಲ್ಲಿ ಬೂದು ಬಣ್ಣಕ್ಕಿರುತ್ತದೆ, ಹೆಚ್ಚೆಂದರೆ ತುಸು ಹಸಿರು. ಫೋಟೊದಲ್ಲಿ ಅದೇ ನೀಹಾರಿಕೆ ಕೆಂಪು, ಗುಲಾಬಿ, ನೀಲಿಯಾಗಿ ಅರಳುತ್ತದೆ. ಇದೆಲ್ಲ ಕಂಪ್ಯೂಟರಿನಲ್ಲಿ ಬಳಿದ ಬಣ್ಣ ಎಂದು ಅನುಮಾನಿಸುವವರು ಬಹಳ ಮಂದಿ. ಕಣ್ಣಿಗೆ ಕಂಡದ್ದೇ ವಸ್ತುವಿನ ನಿಜರೂಪ ಎಂಬ ನಂಬಿಕೆ ಆ ಅನುಮಾನದ ಬುಡದಲ್ಲಿದೆ. ರಾತ್ರಿಯ ಆಕಾಶದ ಮಟ್ಟಿಗೆ ಈ ನಂಬಿಕೆ ನಿಲ್ಲುವುದಿಲ್ಲ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ದಂಡಕೋಶಗಳಿಗೆ ಬಣ್ಣ ತಿಳಿಯದು, ಕೆಂಪಿಗಂತೂ ಅವು ಹೆಚ್ಚುಕಡಿಮೆ ಕುರುಡು. ಹೈಡ್ರೊಜನ್ ಹೊಮ್ಮಿಸುವುದಾದರೋ 656.3 ನ್ಯಾನೊಮೀಟರಿನ ಕಡುಗೆಂಪು. ಹತ್ತಿರ ಹೋದರೆ ಕಂಡೀತೇ ಎಂದು ಕೇಳಬಹುದು. ಸಮೀಪಿಸಿದಷ್ಟೂ ಹೆಚ್ಚು ಬೆಳಕು ಬರುತ್ತದೆ ನಿಜ, ಆದರೆ ನೀಹಾರಿಕೆಯೂ ಅಷ್ಟೇ ಅಗಲವಾಗಿ ಹರಡಿಕೊಳ್ಳುವುದರಿಂದ ಅದರ ಒಂದೊಂದು ತುಣುಕಿನ ಹೊಳಪು ಇದ್ದಷ್ಟೇ ಇರುತ್ತದೆ.

ಛಾಯಾಚಿತ್ರ ಕಣ್ಣಿಗಿಂತ ಮುಂದೆ ಹೋದದ್ದು ಇಂದು ನಿನ್ನೆಯಲ್ಲ. 1880ರ ಸೆಪ್ಟೆಂಬರ್ 30ರಂದು ಹೆನ್ರಿ ಡ್ರೇಪರ್ ಎಂ 42ರ ಬೆಳಕನ್ನು 51 ನಿಮಿಷ ಹಿಡಿದು ನೀಹಾರಿಕೆಯೊಂದರ ಮೊದಲ ಫೋಟೊ ತೆಗೆದ. 1885ರಲ್ಲಿ ಪ್ಯಾರಿಸ್ಸಿನ ಪಾಲ್ ಮತ್ತು ಪ್ರಾಸ್ಪರ್ ಹೆನ್ರಿ ಸಹೋದರರ ಫಲಕದಲ್ಲಿ ಕೃತ್ತಿಕೆಯ ಮಾಯಾ ನಕ್ಷತ್ರದ ಸುತ್ತ ಯಾರೂ ಕಂಡಿರದ ಮಸುಕು ಮೂಡಿತು. ಮರುವರ್ಷ ಪುಲ್ಕೊವೊ ವೀಕ್ಷಣಾಲಯದ 30 ಇಂಚಿನ ದೂರದರ್ಶಕದಲ್ಲಿ ಅದು ಕಣ್ಣಿಗೂ ಸಿಕ್ಕಿತು. ಚಿತ್ರ ಹೇಳಿದ್ದನ್ನು ಕಣ್ಣು ಆಮೇಲೆ ಒಪ್ಪಿಕೊಂಡಿತು.

ಆ ಫಲಕದಲ್ಲಿ ಕೈವಾಡವಿರಲಿಲ್ಲ, ಇಂದಿನ ಸಂಸ್ಕರಣೆಯಲ್ಲಿ ಇದೆಯಲ್ಲ ಎಂಬುದು ಮುಂದಿನ ಆಕ್ಷೇಪ. ಆ ಕೈವಾಡ ಏನು ಮಾಡುತ್ತದೆ ಎಂಬುದನ್ನು ನೋಡಬೇಕು. ಒಂದೇ ದೃಶ್ಯದ 100 ಫೋಟೊಗಳನ್ನು ನಕ್ಷತ್ರಗಳ ಗುರುತಿನಿಂದ ಹೊಂದಿಸಿ ಕೂಡಿಸಿದರೆ ನೀಹಾರಿಕೆಯ ಬೆಳಕು 100 ಪಟ್ಟಾಗುತ್ತದೆ. ಗೊತ್ತುಗುರಿಯಿಲ್ಲದೆ ಏರಿಳಿಯುವ ಗದ್ದಲ 10 ಪಟ್ಟು ಮಾತ್ರ ಬೆಳೆಯುತ್ತದೆ. ಮುಚ್ಚಳ ಹಾಕಿ ತೆಗೆದ ಡಾರ್ಕ್ ಫ್ರೇಮ್‌ಗಳು ಸಂವೇದಕದ ಶಾಖದಿಂದ ಹುಟ್ಟಿದ ಸುಳ್ಳು ಬೆಳಕನ್ನು ಕಳೆಯುತ್ತವೆ. ಸಮನಾಗಿ ಬೆಳಗಿದ ಬಿಳಿ ಮೇಲ್ಮೈಯ ಫ್ಲಾಟ್ ಫ್ರೇಮ್‌ಗಳು ಧೂಳಿನ ನೆರಳನ್ನೂ ಅಂಚಿನ ಮಬ್ಬನ್ನೂ ಸರಿಪಡಿಸುತ್ತವೆ. ಇಷ್ಟೆಲ್ಲ ಆದ ಮೇಲೂ ಚಿತ್ರ ಕಪ್ಪಾಗಿಯೇ ಕಾಣುತ್ತದೆ, ಏಕೆಂದರೆ ನೀಹಾರಿಕೆಯ ವಿವರವೆಲ್ಲ ಹೊಳಪಿನ ಅಳತೆಪಟ್ಟಿಯ ಕೆಳತುದಿಯಲ್ಲಿ ಒತ್ತೊತ್ತಾಗಿ ಕುಳಿತಿರುತ್ತದೆ. ಅದನ್ನು ಹಿಗ್ಗಿಸುವುದೇ ಸ್ಟ್ರೆಚಿಂಗ್. ಇಡೀ ಚಿತ್ರಕ್ಕೆ ಒಂದೇ ನಿಯಮದಂತೆ ಹಿಗ್ಗಿಸಿದರೆ ಹೆಚ್ಚು ಹೊಳೆಯುವುದು ಹೆಚ್ಚು ಹೊಳೆಯುವುದಾಗಿಯೇ ಉಳಿಯುತ್ತದೆ. ತಾರಾಗುಚ್ಛಗಳಲ್ಲಿ ಮಾತ್ರ ಕೈ ಬಿಗಿಹಿಡಿಯಬೇಕು. ಅತಿಯಾಗಿ ಹಿಗ್ಗಿಸಿದರೆ ನಕ್ಷತ್ರಗಳೆಲ್ಲ ಬಿಳಿ ಚುಕ್ಕೆಗಳಾಗಿ, ಅವುಗಳ ಉಷ್ಣತೆಯನ್ನು ಹೇಳುವ ನೀಲಿ, ಹಳದಿ, ಕೆಂಪು ಅಳಿಸಿಹೋಗುತ್ತವೆ.

ಹಬಲ್ 1995ರಲ್ಲಿ ತೆಗೆದ ಗರುಡ ನೀಹಾರಿಕೆಯ ಸ್ತಂಭಗಳ ಚಿತ್ರದಲ್ಲಿ ಗಂಧಕಕ್ಕೆ ಕೆಂಪು, ಹೈಡ್ರೊಜನ್‌ಗೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಟ್ಟಿದ್ದಾರೆ. ಇದು ಸಹಜ ಬಣ್ಣವಲ್ಲ ಎಂಬ ಆಕ್ಷೇಪ ಅಕ್ಷರಶಃ ಸರಿ. ಆದರೆ ಗಂಧಕ, ಹೈಡ್ರೊಜನ್ ಎರಡೂ ಸಹಜವಾಗಿ ಕೆಂಪೇ. ಹಾಗೆಯೇ ಬಿಟ್ಟಿದ್ದರೆ ಯಾವುದು ಎಲ್ಲಿದೆ ಎಂಬುದು ಬೆರೆತುಹೋಗುತ್ತಿತ್ತು. ನಕಾಶೆಯಲ್ಲಿ ಜಿಲ್ಲೆಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟಂತೆ ಇಲ್ಲಿಯೂ ಬಣ್ಣ ಒಂದು ಸೂಚಿ. ಆ ಸೂಚಿಯನ್ನು ಚಿತ್ರದ ಕೆಳಗೆ ಬರೆಯದಿರುವುದು ತಪ್ಪು, ಬಳಸುವುದಲ್ಲ.

ನನಗೆ ನಿಜವಾಗಿ ಆತಂಕ ಹುಟ್ಟಿಸುವುದು ಬೇರೊಂದು ಸಂಗತಿ. ಬೇರೆ ಚಿತ್ರಗಳಿಂದ ಕಲಿತು ವಿವರವನ್ನು ಹರಿತಗೊಳಿಸುವ ಕೃತಕ ಬುದ್ಧಿಮತ್ತೆಯ ಸಾಧನಗಳು, ಬಾರದ ಬೆಳಕಿನ ಜಾಗದಲ್ಲಿ ಬಂದಿರಬಹುದಾದ ಬೆಳಕನ್ನು ಊಹಿಸಿ ತುಂಬಬಲ್ಲವು. ಇದಕ್ಕೆ ಮದ್ದು ಹಳೆಯದೇ: ಬೇರೆಯವರು, ಬೇರೆ ಉಪಕರಣದಲ್ಲಿ, ಅದೇ ಜಾಗವನ್ನು ಮತ್ತೆ ಹಿಡಿಯಬೇಕು. ಆಂಡ್ರೊಮಿಡಾ ಗೆಲಾಕ್ಸಿಯ ಪಕ್ಕದಲ್ಲಿ ಆಮ್ಲಜನಕದ ಬೆಳಕಿನ ದೊಡ್ಡ ಕಮಾನೊಂದನ್ನು ಹವ್ಯಾಸಿಗಳಾದ ಮಾರ್ಸೆಲ್ ಡ್ರೆಕ್ಸ್‌ಲರ್, ಜೇವಿಯರ್ ಸ್ಟ್ರಾಟ್ನರ್, ಯಾನ್ ಸೇಂಟಿ ಮತ್ತು ಜೊತೆಗಾರರು 2023ರಲ್ಲಿ ಪ್ರಕಟಿಸಿದಾಗ ಆದದ್ದು ಅದೇ. ನೂರಾರು ವರ್ಷಗಳಿಂದ ದೂರದರ್ಶಕಗಳು ದಿಟ್ಟಿಸಿದ್ದ ಜಾಗ ಅದು. ಬೇರೆ ವೀಕ್ಷಕರ ಚಿತ್ರಗಳಲ್ಲೂ ಕಮಾನು ಮೂಡಿದ್ದರಿಂದ, ಅದು ಆಂಡ್ರೊಮಿಡಾದ ಬಳಿಯದೋ ನಮ್ಮ ಆಕಾಶಗಂಗೆಯದೋ ಎಂಬ ಚರ್ಚೆ ಶುರುವಾಯಿತು.