ಹಿಮದೂರಿನ ಅರಮನೆ

ಅಮೆರಿಕದ ಉತ್ತರ ಡಕೋಟ ರಾಜ್ಯದಲ್ಲಿ ಗ್ರ್ಯಾಂಡ್ ಫೋರ್ಕ್ಸ್ ಎಂಬ ಊರಿದೆ. ಜನಸಂಖ್ಯೆ ಸುಮಾರು 59 ಸಾವಿರ. ನಮ್ಮ ಡೊಂಬಿವಲಿಯ ಒಂದು ಮೂಲೆಗೂ ಸಾಲದು. ಇಂಥ ಊರಿನ ಕಾಲೇಜು ಹುಡುಗರ ಐಸ್ ಹಾಕಿ ಆಟಕ್ಕೆ 11,600ಕ್ಕೂ ಹೆಚ್ಚು ಜನ ಕೂರುವ ಕ್ರೀಡಾಂಗಣವಿದೆ. ಅಂದರೆ ಊರಿನ ಐವರಲ್ಲಿ ಒಬ್ಬರಿಗೆ ಅಲ್ಲಿ ಸೀಟುಂಟು! ಅದೂ ಎಂಥ ಸೀಟು? ಚರ್ಮದ ಹೊದಿಕೆಯದು. ಕಾಲಿಟ್ಟಲ್ಲೆಲ್ಲ ಗ್ರಾನೈಟ್ ನೆಲ. ಖರ್ಚು 10 ಕೋಟಿ ಡಾಲರಿಗೂ ಮೇಲೆ.

ಹಣ ಕೊಟ್ಟವರು ರಾಲ್ಫ್ ಎಂಗಲ್‌ಸ್ಟಾಡ್. ಇದೇ ಉತ್ತರ ಡಕೋಟ ವಿಶ್ವವಿದ್ಯಾಲಯದ ತಂಡದಲ್ಲಿ ಗೋಲಿಯಾಗಿದ್ದವರು. ಮುಂದೆ ಲಾಸ್ ವೇಗಸ್‌ನಲ್ಲಿ ಕ್ಯಾಸಿನೋ ನಡೆಸಿ ಸಿರಿವಂತರಾದರು. 2001ರ ಅಕ್ಟೋಬರಿನಲ್ಲಿ ಅವರದೇ ಹೆಸರಿನಲ್ಲಿ ಅಂಗಣ ತೆರೆಯಿತು.

ಊರಿಗೂ ಆಗ ಇಂಥದ್ದೊಂದು ಬೇಕಾಗಿತ್ತು. 1997ರ ಏಪ್ರಿಲ್‌ನಲ್ಲಿ ರೆಡ್ ನದಿ ಉಕ್ಕಿ ಇಡೀ ಊರನ್ನೇ ಖಾಲಿ ಮಾಡಿಸಿತ್ತು. ನೀರು ನಿಂತ ಪೇಟೆಯಲ್ಲೇ ಬೆಂಕಿ ಬಿದ್ದು ಕಟ್ಟಡಗಳು ಸುಟ್ಟಿದ್ದವು. ಅದಾದ ನಾಲ್ಕೇ ವರ್ಷಕ್ಕೆ ಎದ್ದ ಅಂಗಣ ಇದು. ಶುಕ್ರವಾರ, ಶನಿವಾರ ಪಂದ್ಯವೆಂದರೆ ಹೊರಗೆ ಕೊರೆಯುವ ಚಳಿಯಿದ್ದರೂ ಜನ ಸೇರುತ್ತಾರೆ. ಸಂಗೀತ ಕಾರ್ಯಕ್ರಮಗಳೂ ನಡೆಯುತ್ತವೆ. 2005ರಲ್ಲಿ ಕಿರಿಯರ ವಿಶ್ವ ಹಾಕಿ ಪಂದ್ಯಾವಳಿಯೇ ಇಲ್ಲಿಗೆ ಬಂತು. ಸಿಡ್ನಿ ಕ್ರಾಸ್ಬಿ ಆಡಿದ ಕೆನಡಾ ತಂಡ ಚಿನ್ನ ಗೆದ್ದಿತು.

ಆದರೆ ದಾನದ ಜೊತೆಗೊಂದು ಷರತ್ತೂ ಇತ್ತು. ತಂಡದ ಹೆಸರು ‘ಫೈಟಿಂಗ್ ಸೂ’. ಸೂ ಎಂಬುದು ಅಲ್ಲಿನ ಮೂಲನಿವಾಸಿಗಳ ಹೆಸರು. ತಮ್ಮ ಜನರನ್ನು ಆಟದ ಲಾಂಛನ ಮಾಡಬೇಡಿ ಎಂದು ಅವರಲ್ಲಿ ಅನೇಕರು ಕೇಳುತ್ತಿದ್ದರು. ಹೆಸರು ಬದಲಾಗಬಹುದೆಂಬ ಸುಳಿವು ಸಿಕ್ಕಾಗ, 2000ದ ಡಿಸೆಂಬರಿನಲ್ಲಿ ಎಂಗಲ್‌ಸ್ಟಾಡ್ ವಿಶ್ವವಿದ್ಯಾಲಯದ ಅಧ್ಯಕ್ಷರಿಗೆ ಪತ್ರ ಬರೆದರು: ಹೆಸರು ಬಿಟ್ಟರೆ ಕಟ್ಟಡ ಅರ್ಧಕ್ಕೇ ನಿಲ್ಲುತ್ತದೆ, ಅದನ್ನು ಚಳಿಗಾಲದ ಪಾಲಿಗೆ ಬಿಡುತ್ತೇನೆ ಎಂದು. ಅದರ ಬೆನ್ನಲ್ಲೇ ರಾಜ್ಯದ ಉನ್ನತ ಶಿಕ್ಷಣ ಮಂಡಳಿ ಹೆಸರನ್ನು ಉಳಿಸಿಕೊಂಡಿತು. ಅಂಗಣದೊಳಗೆ ಆ ಲಾಂಛನ ಸಾವಿರಾರು ಕಡೆ ಅಚ್ಚಾಯಿತು, ನೆಲದ ಗ್ರಾನೈಟಿನಲ್ಲೂ. ಕಿತ್ತು ತೆಗೆಯುವುದು ಸುಲಭವಿರಲಿಲ್ಲ.

ಎಂಗಲ್‌ಸ್ಟಾಡ್ 2002ರಲ್ಲಿ ತೀರಿಕೊಂಡರು. ವಿವಾದ ತೀರಲಿಲ್ಲ. 2005ರಲ್ಲಿ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ಇಂಥ ಹೆಸರುಗಳ ಮೇಲೆ ನಿರ್ಬಂಧ ಹೇರಿತು. ಪ್ರಕರಣ ಕೋರ್ಟಿಗೆ ಹೋಗಿ 2007ರಲ್ಲಿ ರಾಜಿಯಾಯಿತು: ಎರಡು ಸೂ ಪಂಗಡಗಳು ಒಪ್ಪಿದರೆ ಮಾತ್ರ ಹೆಸರು ಉಳಿಯಬಹುದು. ಸ್ಪಿರಿಟ್ ಲೇಕ್ ಪಂಗಡದವರು ಮತ ಹಾಕಿ ಒಪ್ಪಿದರು. ಸ್ಟ್ಯಾಂಡಿಂಗ್ ರಾಕ್ ಪಂಗಡದಿಂದ ಒಪ್ಪಿಗೆ ಬರಲಿಲ್ಲ. ಮೂಲನಿವಾಸಿಗಳಲ್ಲೇ ಎರಡು ಅಭಿಪ್ರಾಯವಿತ್ತು ಎಂಬುದನ್ನೂ ಮರೆಯುವಂತಿಲ್ಲ. ಕಡೆಗೆ 2012ರಲ್ಲಿ ಇಡೀ ರಾಜ್ಯ ಮತ ಹಾಕಿತು. ಮೂವರಲ್ಲಿ ಇಬ್ಬರು ಹೆಸರು ಬಿಡೋಣವೆಂದರು. 2015ರಲ್ಲಿ ತಂಡ ‘ಫೈಟಿಂಗ್ ಹಾಕ್ಸ್’ ಆಯಿತು.

ಇನ್ನೊಂದು ಮಾತು. 2017ರಲ್ಲಿ ಹಣದ ಮುಗ್ಗಟ್ಟೆಂದು ವಿಶ್ವವಿದ್ಯಾಲಯ ಮಹಿಳೆಯರ ಹಾಕಿ ತಂಡವನ್ನೇ ಮುಚ್ಚಿತು. ಮರುವರ್ಷವೇ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಮಹಿಳೆಯರು ಕೆನಡಾವನ್ನು ಸೋಲಿಸಿ 20 ವರ್ಷಗಳ ನಂತರ ಚಿನ್ನ ತಂದರು. ಫೈನಲಿನಲ್ಲಿ ಸಮ ಮಾಡಿದ ಗೋಲು ಒಬ್ಬಳದು, ಶೂಟೌಟ್‌ನಲ್ಲಿ ಗೆಲ್ಲಿಸಿದ ಗೋಲು ಇನ್ನೊಬ್ಬಳದು: ಮೊನೀಕ್ ಮತ್ತು ಜೋಸ್ಲಿನ್ ಲಾಮರೂ, ಅದೇ ಗ್ರ್ಯಾಂಡ್ ಫೋರ್ಕ್ಸ್‌ನ, ಅದೇ ವಿಶ್ವವಿದ್ಯಾಲಯಕ್ಕೆ ಆಡಿದ ಅವಳಿ ಸಹೋದರಿಯರು. ಗ್ರಾನೈಟಿಗೆ ದಾನಿ ಸಿಕ್ಕಿದ್ದರು. ಹುಡುಗಿಯರ ತಂಡ ನಡೆಸಲು ಹಣ ಸಾಲಲಿಲ್ಲ.

ಹೊರನಾಡಿನಲ್ಲಿ ಸಂಘ ಕಟ್ಟಿದ ನಮಗೆ ಇದು ದೂರದ ಕತೆಯೇನಲ್ಲ. ಭವನ ಏಳಬೇಕಾದರೆ ದಾನಿ ಬೇಕು, ಗೋಡೆಯ ಮೇಲೆ ಅವರ ಹೆಸರೂ ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಸಂಘದ ತೀರ್ಮಾನಗಳು ಸದಸ್ಯರ ಕೈಯಲ್ಲಿರಬೇಕು. ಜೊತೆಗೆ, ಕಟ್ಟಡ ನಿಧಿಯ ರಸೀದಿ ಹರಿಯುವಾಗಲೇ ಕನ್ನಡ ತರಗತಿಯ ಮೇಷ್ಟರ ಸಂಬಳಕ್ಕೂ ಒಂದು ಪಾಲು ತೆಗೆದಿಡುವುದು ಒಳ್ಳೆಯದು.