ಇಪ್ಪತ್ತೆರಡನೇ ವಲಯದಿಂದ ಕರೆ

‘ಫೈವ್ ನೈನ್, ಟೂ ಟೂ.’ ಅಕ್ಟೋಬರ್ ಕೊನೆಯ ಪೂರ್ಣ ವಾರಾಂತ್ಯದಲ್ಲಿ ಚೆನ್ನೈನ ಹ್ಯಾಮ್ ರೇಡಿಯೊ ಹವ್ಯಾಸಿಯೊಬ್ಬರು ಎರಡು ಹಗಲು, ಎರಡು ರಾತ್ರಿ ಹೇಳುತ್ತಲೇ ಇರುವ ಮಾತು ಇಷ್ಟೇ. ಮೊದಲ ಎರಡು ಅಂಕಿಗಳ ಅರ್ಥ, ‘ನಿಮ್ಮ ದನಿ ಸ್ಪಷ್ಟವಾಗಿ, ಜೋರಾಗಿ ಕೇಳುತ್ತಿದೆ’ ಎಂದು. ಉಳಿದೆರಡು, ಹೇಳುತ್ತಿರುವವರು ಭೂಮಿಯ 40 ರೇಡಿಯೊ ವಲಯಗಳ ಪೈಕಿ 22ನೆಯದರಲ್ಲಿ ಇದ್ದಾರೆಂದು. ಆ ಕಡೆಯಿಂದ ಅವರ ವಲಯದ ಸಂಖ್ಯೆ ಬಂತೋ, ಸಂಪರ್ಕ ಮುಗಿಯಿತು. ಕುಶಲ ವಿಚಾರಿಸಲು ಪುರಸೊತ್ತಿಲ್ಲ, ಮುಂದಿನವರು ಕಾಯುತ್ತಿರುತ್ತಾರೆ.

ಇದು ‘ಸಿಕ್ಯೂ ವರ್ಲ್ಡ್‌ವೈಡ್’ ಸ್ಪರ್ಧೆ. 1948ರಲ್ಲಿ ಶುರುವಾದ ಇದು ಹ್ಯಾಮ್ ಲೋಕದ ಅತಿ ದೊಡ್ಡ ಜಾತ್ರೆಗಳಲ್ಲೊಂದು. ಅಕ್ಟೋಬರ್‌ನಲ್ಲಿ ಮಾತಿನ ಸ್ಪರ್ಧೆ, ನವೆಂಬರ್ ಕೊನೆಯಲ್ಲಿ ಮೋರ್ಸ್ ಕೋಡಿನದು. ನಮ್ಮ ಗಡಿಯಾರದಲ್ಲಿ ಶನಿವಾರ ಬೆಳಿಗ್ಗೆ ಐದೂವರೆಗೆ ಆರಂಭವಾಗಿ ಸೋಮವಾರ ಬೆಳಿಗ್ಗೆ ಐದೂವರೆಗೆ ಮುಗಿಯುತ್ತದೆ: 48 ಗಂಟೆ. 160 ಮೀಟರ್‌ನಿಂದ 10 ಮೀಟರ್‌ವರೆಗೆ ಆರು ಬ್ಯಾಂಡ್‌ಗಳು. ಬೇರೆ ಖಂಡದವರನ್ನು ಹಿಡಿದರೆ ಮೂರು ಅಂಕ, ಏಷ್ಯಾದ ಇನ್ನೊಂದು ದೇಶದವರಾದರೆ ಒಂದು. ಬೆಂಗಳೂರಿನ ಗೆಳೆಯರನ್ನು ಹಿಡಿದರೆ ಸೊನ್ನೆ! ಆದರೂ ಅವರನ್ನು ಬಿಡುವಂತಿಲ್ಲ. ಪ್ರತಿ ಬ್ಯಾಂಡ್‌ನಲ್ಲಿ ಸಿಕ್ಕ ಹೊಸ ದೇಶ, ಹೊಸ ವಲಯಗಳ ಸಂಖ್ಯೆಯಿಂದ ಒಟ್ಟು ಅಂಕವನ್ನು ಗುಣಿಸಲಾಗುತ್ತದೆ. ಆ ಲೆಕ್ಕಕ್ಕೆ ಸ್ವಂತ ದೇಶವೂ ಸೇರುತ್ತದೆ.

ಚೆನ್ನೈನ ಮನೆ ಸ್ಟೇಷನ್ನಿಗೆ ಬಲ ಬರುವುದು ಈ ಗುಣಾಕಾರದಿಂದಲೇ. ಅಮೆರಿಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಹ್ಯಾಮ್ ಲೈಸೆನ್ಸ್‌ದಾರರಿದ್ದಾರೆ. ಆದರೆ ಭಾರತ, ಶ್ರೀಲಂಕಾ, ನೇಪಾಳ, ಭೂತಾನ್, ಬಾಂಗ್ಲಾದೇಶ, ಮಾಲ್ಡೀವ್ಸ್ ಎಲ್ಲ ಸೇರಿದ 22ನೇ ವಲಯದಲ್ಲಿ ಸ್ಪರ್ಧೆಗೆ ಇಳಿಯುವವರು ಬೆರಳೆಣಿಕೆಯವರು. ಹೀಗಾಗಿ ಯುರೋಪಿನ ದೊಡ್ಡ ಆಂಟೆನಾ ಗೋಪುರಗಳ ಒಡೆಯರೂ ‘ವಿಯು’ ಎಂದು ಶುರುವಾಗುವ ಭಾರತದ ಕರೆಸಂಕೇತ ಕಿವಿಗೆ ಬಿದ್ದರೆ ಮುಗಿಬೀಳುತ್ತಾರೆ. ಹತ್ತಾರು ದನಿಗಳು ಒಂದರ ಮೇಲೊಂದು ಏರಿ ಬರುವ ಆ ಗದ್ದಲಕ್ಕೆ ಹ್ಯಾಮ್‌ಗಳು ‘ಪೈಲ್‌ಅಪ್’ ಎನ್ನುತ್ತಾರೆ. ಸಂತೆಯ ನಡುವೆ ನಿಂತು ತನ್ನ ಮಗುವಿನ ಕೂಗನ್ನಷ್ಟೇ ಆರಿಸಿಕೊಳ್ಳುವ ತಾಯಿಯ ಕಿವಿ ಬೇಕು ಅಲ್ಲಿ. ಎರಡಕ್ಷರ ಸಿಕ್ಕರೆ ಸಾಕು, ಅಷ್ಟನ್ನೇ ತಿರುಗಿ ಕೂಗಿ, ಉಳಿದವರನ್ನು ಸುಮ್ಮನಾಗಿಸಿ, ಪೂರ್ತಿ ಸಂಕೇತ ಪಡೆಯಬೇಕು.

ಇದಕ್ಕೆ ದೊಡ್ಡ ಗೋಪುರವೇ ಬೇಕೆಂದಿಲ್ಲ. ಸುಮಾರು 20 ಮೀಟರ್ ಉದ್ದದ ತಾಮ್ರದ ತಂತಿಯನ್ನು ನಡುವೆ ಕತ್ತರಿಸಿ, ಕೇಬಲ್ ಜೋಡಿಸಿ, ತಾರಸಿಯ ಮೇಲೆ ಎತ್ತರದಲ್ಲಿ ಕಟ್ಟಿದರೆ 40 ಮೀಟರ್ ಬ್ಯಾಂಡಿನ ಡೈಪೋಲ್ ಆಂಟೆನಾ ಸಿದ್ಧ. ಅದೇ ತಂತಿ 15 ಮೀಟರ್ ಬ್ಯಾಂಡಿಗೂ ಒದಗುತ್ತದೆ. 100 ವಾಟ್‌ವರೆಗಿನ ಶಕ್ತಿಯವರಿಗೆ ಪ್ರತ್ಯೇಕ ವಿಭಾಗ ಇದೆ, 5 ವಾಟ್‌ನವರಿಗೂ ಇದೆ. ಅಪಾರ್ಟ್‌ಮೆಂಟ್‌ಗಳಲ್ಲಿ ತಾರಸಿಗೆ ಅನುಮತಿ ಪಡೆಯುವುದೇ ಸ್ಪರ್ಧೆಗಿಂತ ಕಷ್ಟದ ಕೆಲಸ.

ಚೆನ್ನೈಗೆ ಇನ್ನೂ ಕೆಲವು ತೊಡಕುಗಳಿವೆ. ಸ್ಪರ್ಧೆಯ ಋತು, ಈಶಾನ್ಯ ಮಾರುತದ ಋತು ಎರಡೂ ಒಂದೇ. ಬಂಗಾಳ ಕೊಲ್ಲಿಯ ಮೇಲೆ ಎಲ್ಲೋ ಮಿಂಚಿದರೂ 80, 160 ಮೀಟರ್‌ಗಳಲ್ಲಿ ಕಿವಿಗೆ ಚಟಪಟ ಸದ್ದು ಅಪ್ಪಳಿಸುತ್ತದೆ. ಗುಡುಗು ಹತ್ತಿರ ಬಂದರೆ ಆಂಟೆನಾ ಕೇಬಲ್ ಕಿತ್ತು ಕೂರುವುದೊಂದೇ ದಾರಿ, ಅಂಕ ಹೋದರೂ ಸರಿ. ದೀಪಾವಳಿಯೂ ಇದೇ ಆಸುಪಾಸಿನಲ್ಲಿ ಬರುತ್ತದೆ. ಬಾಲ್ಕನಿಗಳಿಗೆ ಸುತ್ತಿದ ಎಲ್‌ಇಡಿ ಸರಗಳ ಅಗ್ಗದ ಅಡಾಪ್ಟರ್‌ಗಳು ರೇಡಿಯೊ ತುಂಬ ಗುಯ್‌ಗುಡುತ್ತವೆ. ಅಮೆರಿಕ ಮುಟ್ಟುವುದು ಎಲ್ಲಕ್ಕಿಂತ ಕಷ್ಟ. ಚೆನ್ನೈನಿಂದ ನ್ಯೂಯಾರ್ಕ್‌ಗೆ ನೇರ ದಾರಿ ಪಶ್ಚಿಮಕ್ಕಲ್ಲ, ಬಹುಮಟ್ಟಿಗೆ ಉತ್ತರಕ್ಕೆ, ಆರ್ಕ್‌ಟಿಕ್ ವೃತ್ತವನ್ನು ದಾಟಿ ಹೋಗುತ್ತದೆ. ಸೂರ್ಯ ಕೆರಳಿದಾಗ ಆ ದಾರಿಯಲ್ಲಿ ಅಲೆಗಳು ಹೀರಿಹೋಗುತ್ತವೆ. ಅದೇ ಸೂರ್ಯನ ಕಲೆಗಳು ಹೆಚ್ಚಿದ ವರ್ಷಗಳಲ್ಲಿ ಮಾತ್ರ 10 ಮೀಟರ್ ಬ್ಯಾಂಡ್ ಹಗಲೆಲ್ಲ ತೆರೆದು, ಸಣ್ಣ ತಂತಿಗೂ ಖಂಡಗಳು ಸಿಗುತ್ತವೆ.

ಗಾಳಿಯಲ್ಲಿ ದನಿ ಕಳಿಸುವ ಹಂಬಲ ಈ ಊರಿಗೆ ಹೊಸದಲ್ಲ. ಸಿ.ವಿ. ಕೃಷ್ಣಸ್ವಾಮಿ ಚೆಟ್ಟಿ ಮತ್ತು ಗೆಳೆಯರು 1924ರಲ್ಲೇ ಮದ್ರಾಸ್ ಪ್ರೆಸಿಡೆನ್ಸಿ ರೇಡಿಯೊ ಕ್ಲಬ್ ಕಟ್ಟಿ ಪ್ರಸಾರ ಆರಂಭಿಸಿದ್ದರು. ಹಣವಿಲ್ಲದೆ 1927ರಲ್ಲಿ ಅದು ನಿಂತಾಗ ಟ್ರಾನ್ಸ್‌ಮಿಟರ್ ನಗರಪಾಲಿಕೆಗೆ ಹೋಯಿತು. 1930ರಿಂದ ಪಾಲಿಕೆಯೇ ಪ್ರಸಾರ ನಡೆಸಿತು. ಕೈಯಾರೆ ಕಟ್ಟುವ ಚಾಳಿ ದೇಶದ ಹ್ಯಾಮ್‌ಗಳಲ್ಲಿ ಇಂದಿಗೂ ಉಳಿದಿದೆ. ಹೈದರಾಬಾದಿನ ಅಷ್ಹರ್ ಫರ್ಹಾನ್ ರೂಪಿಸಿದ ‘ಬಿಟ್‌ಎಕ್ಸ್’ ಎಂಬ ಅಗ್ಗದ ರೇಡಿಯೊದಲ್ಲಿ ಸುರುಳಿ ಸುತ್ತಲು ನಲ್ಲಿಯ ವಾಷರ್ ಬಳಸಿದ್ದರು. 2005ರ ಮೇ 5ರಂದು ಚೆನ್ನೈಗೆ ಉತ್ತರದ ಶ್ರೀಹರಿಕೋಟಾದಿಂದ ಹಾರಿದ ‘ಹ್ಯಾಮ್‌ಸ್ಯಾಟ್’ ಉಪಗ್ರಹದ ಒಂದು ಟ್ರಾನ್ಸ್‌ಪಾಂಡರ್ ಭಾರತದ ಹ್ಯಾಮ್‌ಗಳ ಕೊಡುಗೆ.

ಸ್ಪರ್ಧೆ ಮುಗಿದ ಐದು ದಿನದೊಳಗೆ ಲಾಗ್, ಅಂದರೆ ಸಂಪರ್ಕಗಳ ಪಟ್ಟಿ, ಕಳಿಸಬೇಕು. ಸಂಘಟಕರ ಕಂಪ್ಯೂಟರ್ ಎಲ್ಲರ ಲಾಗ್‌ಗಳನ್ನೂ ತಾಳೆ ನೋಡುತ್ತದೆ. ಒಂದಕ್ಷರ ತಪ್ಪಾಗಿ ಬರೆದಿದ್ದರೂ ಆ ಸಂಪರ್ಕ ರದ್ದು, ಮೇಲೆ ಅದರ ಎರಡರಷ್ಟು ಅಂಕ ದಂಡ. ವೇಗಕ್ಕಿಂತ ನಿಖರತೆಗೆ ಬೆಲೆ ಕೊಡುವ ಈ ನಿಯಮ ಸರಿಯಾದದ್ದು. ಹೇಳಬೇಕಾದ ಮಾತು ಮಾತ್ರ ಎಲ್ಲ ಸ್ಪರ್ಧೆಗಳಲ್ಲಿ ಒಂದೇ ಅಲ್ಲ: ಜಪಾನಿನವರು ನಡೆಸುವ ಆಲ್ ಏಷ್ಯನ್ ಸ್ಪರ್ಧೆಯಲ್ಲಿ ವಲಯದ ಬದಲು ವಯಸ್ಸು ಹೇಳಬೇಕು. ಹದಿಹರೆಯದವರೂ ಎಂಬತ್ತು ದಾಟಿದವರೂ ಒಂದೇ ಬ್ಯಾಂಡಿನಲ್ಲಿ ಎದುರಾಗುವುದನ್ನು ಕೇಳುವುದೇ ಸಂತೋಷ.

ಗದ್ದಲದಲ್ಲಿ ಪಳಗಿದ ಈ ಕಿವಿ ಎಲ್ಲಿ ಕೆಲಸಕ್ಕೆ ಬರುತ್ತದೆ ಎಂಬುದು 2004ರ ಡಿಸೆಂಬರ್‌ನಲ್ಲಿ ಕಂಡಿತು. ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ತಂಡ ಭಾರತಿ ಪ್ರಸಾದ್ ಮುಂದಾಳತ್ವದಲ್ಲಿ ಪೋರ್ಟ್ ಬ್ಲೇರ್‌ಗೆ ಹೋಗಿ, ವರ್ಷಗಟ್ಟಲೆ ಮೌನವಾಗಿದ್ದ ಅಂಡಮಾನ್‌ನಿಂದ ಜಗತ್ತಿನ ಪೈಲ್‌ಅಪ್‌ಗಳಿಗೆ ಉತ್ತರಿಸುತ್ತಿತ್ತು. 26ರಂದು ಸುನಾಮಿ ಬಡಿಯಿತು. ತಂಡ ಅದೇ ರೇಡಿಯೊಗಳನ್ನು ಪರಿಹಾರಕ್ಕೆ ತಿರುಗಿಸಿತು. ದ್ವೀಪಗಳಲ್ಲಿ ಸಿಲುಕಿದವರ ಸುದ್ದಿ ಅವರ ಬಂಧುಗಳಿಗೆ ತಲುಪಿದ್ದು ಹೀಗೆ.

12 ತುಂಬಿದ ಯಾರು ಬೇಕಾದರೂ ಲೈಸೆನ್ಸ್ ಪರೀಕ್ಷೆ ಬರೆಯಬಹುದು. ಕೇಂದ್ರ ಸಂಪರ್ಕ ಸಚಿವಾಲಯದ ಡಬ್ಲ್ಯುಪಿಸಿ ವಿಭಾಗ ಅದನ್ನು ನಡೆಸುತ್ತದೆ. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಬೇಕಿಲ್ಲ. ಆಸಕ್ತಿ ಇದ್ದವರು ಚೆನ್ನೈನಲ್ಲಾದರೆ ಮದ್ರಾಸ್ ಅಮೆಚೂರ್ ರೇಡಿಯೊ ಸೊಸೈಟಿಯನ್ನು, ಬೆಂಗಳೂರಿನಲ್ಲಾದರೆ ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ಬನ್ನು ವಿಚಾರಿಸಬಹುದು. ಮುಂದಿನ ಅಕ್ಟೋಬರ್‌ಗೆ ಮುಂಚೆ ಪರಿಚಯದ ಹ್ಯಾಮ್ ಒಬ್ಬರನ್ನು ಕೇಳಿಕೊಂಡು, ಸ್ಪರ್ಧೆಯ ಒಂದು ಸಂಜೆ ಅವರ ಪಕ್ಕ ಹೆಡ್‌ಫೋನ್ ಹಾಕಿಕೊಂಡು ಕುಳಿತು ನೋಡಿ.